ಬಿರುಕು ನೋಡುವವನ ಸಿಸಿಲಿ ಯಾತ್ರೆ

ಮರ್ಫಿ

ನಾನು ಹೊಟ್ಟೆ ಹೊರೆಯುವುದು ಗೋಡೆಗಳ ಬಿರುಕು ನೋಡಿ. ಡಾಲಸ್ ಸುತ್ತಮುತ್ತ ಯಾರ ಮನೆಯ ಬಾಗಿಲಾದರೂ ಸರಿಯಾಗಿ ಮುಚ್ಚದಿದ್ದರೆ, ಹಾಲಿನ ಗೋಡೆಯ ಮೇಲೆ ಮಿಂಚಿನಂಥ ಗೀರು ಮೂಡಿದರೆ ನನಗೆ ಫೋನ್ ಬರುತ್ತದೆ. ಹೋಗಿ, ಮೊಣಕಾಲೂರಿ, ಟಾರ್ಚ್ ಬಿಟ್ಟು ನೋಡಿ, ಬುನಾದಿ ಕುಸಿದಿದೆಯೋ ಇಲ್ಲವೋ ಎಂದು ವರದಿ ಬರೆದು ಸಹಿ ಹಾಕುವುದು ನನ್ನ ಕೆಲಸ. ಇಲ್ಲಿ ಮನೆ ಬಿರುಕು ಬಿಡಲು ಭೂಕಂಪವೇನೂ ಬೇಕಿಲ್ಲ. ನೆಲದಡಿ ಇರುವುದು ನಮ್ಮ ವಿಜಾಪುರದ ಎರೆಮಣ್ಣಿನ ಜಾತಿಯದೇ. ಮಳೆ ಬಂದರೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ಅದರ ಮೇಲೆ ಕಟ್ಟಿಗೆ ಮತ್ತು ಜಿಪ್ಸಮ್ ಹಲಗೆಯ ಮನೆ ಕಟ್ಟಿ, ಮುಂದೆ ಥರ್ಮೊಕೋಲಿನ ಕಂಬ ನಿಲ್ಲಿಸಿ, ಕಲ್ಲಿನ ಬಣ್ಣ ಬಳಿದು, ಬಡಾವಣೆಗೆ ಇಟಲಿಯ ಯಾವುದೋ ಊರಿನ ಹೆಸರಿಟ್ಟರೆ ಮುಗಿಯಿತು. ಹದಿನೈದು ವರ್ಷಕ್ಕೆ ಆ ಮನೆ ಹಳೆಯದಾಗುತ್ತದೆ. ಅರವತ್ತು ವರ್ಷದ ಪೆಟ್ರೋಲ್ ಬಂಕೊಂದು ಅಪ್ಪಿತಪ್ಪಿ ಉಳಿದಿದ್ದರೆ ಅದರ ಮುಂದೆ ಲೋಹದ ಫಲಕ ನೆಟ್ಟು 'ಐತಿಹಾಸಿಕ' ಎಂದು ಬರೆಯುತ್ತಾರೆ. ಗೋಲಗುಮ್ಮಟದ ನೆರಳಿನಲ್ಲಿ ಗೋಲಿಯಾಡಿ ಬೆಳೆದ ನಾನು ಅಂಥ ಫಲಕದ ಪಕ್ಕದಲ್ಲಿ ಗಂಭೀರ ಮುಖ ಮಾಡಿಕೊಂಡು ನಿಂತು ಫೋಟೊ ತೆಗೆಸಿಕೊಂಡಿದ್ದೇನೆ. ಪರದೇಶದಲ್ಲಿ ಬಾಳಬೇಕೆಂದರೆ ಇಷ್ಟು ನಟನೆ ಬರಬೇಕು.

ಇಂಥ ನಾನು ಕಲಾಪ್ರೇಮದಿಂದ ಸಿಸಿಲಿಗೆ ಹೋದೆನೆಂದು ಯಾರಾದರೂ ತಿಳಿದರೆ ನನ್ನ ಅಭ್ಯಂತರವಿಲ್ಲ. ನಿಜ ಸಂಗತಿ ಎಂದರೆ ನನ್ನ ಹೆಂಡತಿ ಸುನಂದಾಳ ಅಕ್ಕನ ಮಗಳು ಮೇಘಾ ಕರೆದಳು. ಮೇಘಾ ಆಸ್ಟಿನ್‌ನಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ವಿದ್ಯೆ ಕಲಿಯುತ್ತಾಳೆ. ಇದ್ದುದನ್ನೆಲ್ಲ ಕೆಡವಿ ಗಾಜಿನ ಗೋಪುರ ಎಬ್ಬಿಸುವ ಊರಿನಲ್ಲಿ ಆ ವಿದ್ಯೆ ಕಲಿಸುವವರೂ ಇದ್ದಾರೆ, ಕಲಿಯುವವರೂ ಇದ್ದಾರೆ, ಕಟ್ಟಡವೊಂದು ಕಡಿಮೆ. ಅದಕ್ಕಾಗಿಯೇ ಇರಬೇಕು, ಬೇಸಿಗೆಯಲ್ಲಿ ಅವರನ್ನು ಸಿಸಿಲಿಯ ನೋತೊ ಎಂಬ ಊರಿಗೆ ಕಲ್ಲು ರಿಪೇರಿ ಕಲಿಯಲು ಕಳಿಸುತ್ತಾರೆ. 'ಅಮ್ಮ ಕಮ್, ಮೌಶಿ ಕಮ್, ಕಾಕಾ ಯೂ ಆಲ್ಸೋ' ಎಂದು ಫೋನಿನಲ್ಲಿ ಹೇಳಿದಳು. ಅವಳಿಗೆ ಕನ್ನಡ ತಿಳಿಯುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

ಅವಳ ಅಮ್ಮ ಕುಸುಮಕ್ಕ. ಹೂಸ್ಟನ್ ಪಕ್ಕದ ಪೇರ್ಲ್ಯಾಂಡಿನವರು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಹನ್ನೆರಡು ವರ್ಷದ ಹಿಂದೆ ಗಂಡನಿಂದ ಬೇರೆಯಾದಾಗ ಒಂದು ಮನೆ ಕೊಂಡರು. ಅವರೊಬ್ಬರದೇ ಹೆಸರಿನಲ್ಲಿ ಇದ್ದ ಮೊದಲ ವಸ್ತು ಅದು. ಕಳೆದ ಬಿರುಗಾಳಿಯಲ್ಲಿ ಆ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿತು. ಅಕ್ಕ ಎರಡು ಸೂಟ್‌ಕೇಸ್ ಹಿಡಿದು, ಲ್ಯಾಬಿಗೆ ರಜೆ ಹಾಕಿ, ಡಾಲಸ್ ಪಕ್ಕದ ಮರ್ಫಿಗೆ, ನಮ್ಮ ಮನೆಯ ಮೇಲಿನ ರೂಮಿಗೆ ಬಂದರು. ಸುನಂದಾಳಿಗೆ ಹಬ್ಬ. ಇಪ್ಪತ್ತು ವರ್ಷದಿಂದ ಇಬ್ಬರ ನಡುವೆ ಐದು ತಾಸಿನ ಡ್ರೈವ್ ಇತ್ತು. ಈಗ ಮುಂಜಾನೆ ಚಹಾಕ್ಕೆ ಅಕ್ಕ, ಸಂಜೆ ವಾಕಿಂಗಿಗೆ ಅಕ್ಕ, ಕ್ಯಾರಲ್ಟನ್ನಿನ ಅಂಗಡಿಗೆ ಜೋಳದ ಹಿಟ್ಟು ತರಲು ಹೋದರೂ ಅಕ್ಕ.

ಒಂದು ವಾರ ಕಳೆದ ಮೇಲೆ ಪೇರ್ಲ್ಯಾಂಡಿನ ಮನೆ ನೋಡಿಬರಲು ನಾವು ಮೂವರೂ ಹೋದೆವು. ನಾನು ಎಲ್ಲ ಕಡೆ ತಟ್ಟಿ, ಮಟ್ಟ ಹಿಡಿದು ನೋಡಿದೆ. ನೆಲಹಾಸು, ಗೋಡೆಯ ಕೆಳಗಿನ ಹಲಗೆ ಎಲ್ಲ ಹೋಗಿದ್ದವು, ಬದಲಾಯಿಸಬೇಕು. ಬುನಾದಿ ಮಾತ್ರ ಕಲ್ಲುಗುಂಡಿನ ಹಾಗೆ ಕೂತಿತ್ತು. ನಾನು ಹಿತ್ತಿಲಲ್ಲಿ ಕೈ ತೊಳೆಯುವಾಗ ಸುನಂದಾ ಹತ್ತಿರ ಬಂದು, ಇನ್ನೊಮ್ಮೆ ನೀರು ಬಂದರೆ ಅಕ್ಕ ಒಬ್ಬಳೇ ಏನು ಮಾಡಬೇಕು, ಬುನಾದಿ ಹೋಗಿದೆ ಎಂದು ನೀವು ಒಂದು ಮಾತು ಹೇಳಿದರೆ ಅವಳು ಇಲ್ಲಿನ ಆಸೆ ಬಿಡುತ್ತಾಳೆ, ಎಂದಳು. ನಾನು ಆ ಒಂದು ಮಾತು ಹೇಳಿದೆ. ವರದಿ ಬರೆಯಲಿಲ್ಲ. ಸಹಿ ಹಾಕಿ ಸುಳ್ಳು ಹೇಳಿದರೆ ಲೈಸೆನ್ಸ್ ಹೋಗುತ್ತದೆ, ಬಾಯಿಯಲ್ಲಿ ಹೇಳಿದರೆ ಏನೂ ಹೋಗುವುದಿಲ್ಲ ಎಂಬ ಜ್ಞಾನ ನನಗಿತ್ತು. ಅಕ್ಕ ಗೋಡೆಗೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ, 'ನೀವು ಹೇಳಿದ ಮ್ಯಾಲೆ ಮುಗೀತು' ಎಂದರು.

ನಾವು ವಿಮಾನ ಹತ್ತುವ ಹೊತ್ತಿಗೆ ಆ ಮನೆಯನ್ನು ಕೆಡವಿ ಹೊಸದು ಕಟ್ಟುವ ಗಿರಾಕಿಯೊಬ್ಬ ಸಿಕ್ಕಿದ್ದ. ಅಕ್ಕ ಲ್ಯಾಬಿಗೆ ನಿವೃತ್ತಿಯ ಪತ್ರವನ್ನೂ ಕೊಟ್ಟಾಗಿತ್ತು. ಮಾರಾಟದ ಕಾಗದ ಫೋನಿಗೇ ಬರುತ್ತದೆ, ಎಲ್ಲಿಂದಲಾದರೂ ಬೆರಳಲ್ಲಿ ಒತ್ತಿ ಸಹಿ ಮಾಡಬಹುದು ಎಂದು ಏಜೆಂಟ್ ಹೇಳಿದ್ದ. ತಂತ್ರಜ್ಞಾನ ಎಷ್ಟು ಮುಂದುವರಿದಿದೆ ನೋಡಿ. ಮನುಷ್ಯನಿಗೆ ಯೋಚಿಸಲು ಈಗ ಮೇಜು, ಕುರ್ಚಿ, ಪೆನ್ನು ಏನೂ ಬೇಡ.

ಕತಾನಿಯಾ

ವಿಮಾನ ಇಳಿಯುವಾಗ ಎಡಗಡೆ ಎಟ್ನಾ ಪರ್ವತ ಹೊಗೆ ಬಿಡುತ್ತಿತ್ತು. ಪಕ್ಕದ ಸೀಟಿನವರು ಯಾರೂ ತಲೆ ಎತ್ತಿಯೂ ನೋಡಲಿಲ್ಲ. ನಾವು ಉಳಿದುಕೊಂಡ ಮನೆಯ ಯಜಮಾನಿಯನ್ನು ಸುನಂದಾ ಆ ಹೊಗೆಯ ಬಗ್ಗೆ ಗಾಬರಿಯಿಂದ ಕೇಳಿದಾಗ ಆಕೆ ಕೈಬೀಸಿ, ಅದು ಉಸಿರಾಡುತ್ತಿದೆ ಅಷ್ಟೇ, ಎಂದರು. ಬಾಲ್ಕನಿಯ ಮೇಲೆ ಬಿದ್ದಿದ್ದ ಕಪ್ಪು ಬೂದಿಯನ್ನು ನಮ್ಮ ಕಡೆಯವರು ಅಂಗಳ ಗುಡಿಸುವಷ್ಟೇ ನಿರಾಳವಾಗಿ ಗುಡಿಸಿ, ಯಾವ ಊರು ಎಂದು ಕೇಳಿದರು. ಟೆಕ್ಸಸ್ ಎಂದೆ. ಆಕೆ ಎರಡೂ ಕೈಯಿಂದ ಪಿಸ್ತೂಲಿನಂತೆ ಬೆರಳು ಚಾಚಿ ಬಾಯಲ್ಲಿ ಗುಂಡಿನ ಸದ್ದು ಮಾಡಿದರು. ಹೊಗೆಯಾಡುವ ಬೆಟ್ಟದ ಬುಡದಲ್ಲಿ ಬಾಳುವವರಿಗೆ ನಮ್ಮ ಊರು ಅಪಾಯಕರ.

ಬೆಳಗಿನ ತಿಂಡಿಗೆ ಗ್ಲಾಸಿನಲ್ಲಿ ಬಾದಾಮಿಯ ಐಸು, ಪಕ್ಕದಲ್ಲೊಂದು ಬನ್ನು. ಬನ್ನನ್ನು ಹರಿದು ಐಸಿನಲ್ಲಿ ಅದ್ದಿ ತಿನ್ನಬೇಕು.

'ಮುಂಜಾನೆ ಎದ್ದು ಬರ್ಫದಾಗ ಬನ್ ಅದ್ದಿ ತಿನ್ನೋದೇನ್ರಿ ಇದು?' ಎಂದಳು ಸುನಂದಾ.

ಕುಸುಮಕ್ಕ ಒಂದು ತುಂಡು ಅದ್ದಿ ತಿಂದರು, ಇನ್ನೊಂದು ತಿಂದರು, ಸುನಂದಾಳ ಗ್ಲಾಸನ್ನೂ ತಮ್ಮ ಕಡೆ ಎಳೆದುಕೊಂಡರು. ಐದು ತಿಂಗಳಲ್ಲಿ ಅವರು ಇಷ್ಟಪಟ್ಟು ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಾಡಿಗೆ ಕಾರು ಕೊಡುವವನು ನನ್ನ ಟೆಕ್ಸಸ್ ಲೈಸೆನ್ಸ್ ನೋಡಿ, ನನ್ನನ್ನು ನೋಡಿ, ತನ್ನಲ್ಲಿದ್ದ ಅತಿ ಸಣ್ಣ ಕಾರಿನ ಕೀಲಿ ಕೊಟ್ಟ. ಮರ್ಫಿಯಲ್ಲಿ ಹಾಲು ತರಲು ಲಾರಿಯ ಗಾತ್ರದ ಟ್ರಕ್ ಓಡಿಸುವ ನಾನು, ಮೊಣಕಾಲನ್ನು ಎದೆಗೆ ಒತ್ತಿಕೊಂಡು ಆ ಡಬ್ಬಿಯೊಳಗೆ ಕೂತೆ. ಇದಕ್ಕಿಂತ ಸ್ವಲ್ಪ ದೊಡ್ಡದು ಇಲ್ಲವೇ ಎಂದು ಕೇಳಿದ್ದಕ್ಕೆ ಅವನು, ಇದೆ, ಆದರೆ ರಸ್ತೆ ಇಲ್ಲ, ಎಂದ. ಮೂರನೆಯ ದಿನ ಅವನ ಮಾತು ನನಗೆ ಚೆನ್ನಾಗಿ ಅರ್ಥವಾಯಿತು.

ನೋತೊ

ಮಧ್ಯಾಹ್ನ ಒಂದು ಗಂಟೆಗೆ ನೋತೊ ತಲುಪಿದೆವು. ಊರು ಮುಚ್ಚಿತ್ತು. ಅಂಗಡಿ, ಚರ್ಚು, ಮ್ಯೂಸಿಯಂ, ಔಷಧದ ಅಂಗಡಿ, ಎಲ್ಲದಕ್ಕೂ ಬೀಗ. ಊಟ ಮಾಡಿ ಮಲಗಿದ್ದಾರೆ, ನಾಲ್ಕೂವರೆಗೆ ಏಳುತ್ತಾರೆ, ಎಂದು ಅಲ್ಲಿ ನಮಗಾಗಿ ಕಾದಿದ್ದ ಮೇಘಾ ಹೇಳಿದಳು. ಮಧ್ಯಾಹ್ನದ ನಿದ್ದೆ ಮಾಡುವ ನಮ್ಮ ಧಾರವಾಡದವರನ್ನು ಸೋಮಾರಿಗಳೆಂದು ಆಡಿಕೊಳ್ಳುತ್ತಾರೆ. ಇವರು ಅದನ್ನೇ ಮಾಡಿ ವಿಶ್ವ ಪರಂಪರೆಯ ಪಟ್ಟಿಯಲ್ಲಿದ್ದಾರೆ.

ಖಾಲಿ ಬೀದಿಯಲ್ಲಿ ನಾವು ನಾಲ್ವರೇ ನಡೆದೆವು. ಇಡೀ ಊರು ಜೇನಿನ ಬಣ್ಣದ ಕಲ್ಲಿನದು. 1693ರ ಭೂಕಂಪದಲ್ಲಿ ಈ ಸೀಮೆಯ ಊರುಗಳೆಲ್ಲ ನೆಲಸಮವಾದವು. ಹಳೆಯ ನೋತೊ ಇದ್ದದ್ದು ಇಲ್ಲಿಂದ ಕೆಲವು ಮೈಲಿ ಆಚೆ, ಬೆಟ್ಟದ ಮೇಲೆ. ಅದನ್ನು ಅಲ್ಲಿಯೇ ಬಿಟ್ಟು ಇಲ್ಲಿ ಹೊಸದಾಗಿ ನೇರ ಬೀದಿ ಹಾಕಿ ಊರು ಕಟ್ಟಿದರು. ಕಟ್ಟುವುದೇನೋ ಸರಿ, ಆದರೆ ಎಲ್ಲವನ್ನೂ ಕಳೆದುಕೊಂಡ ಜನ ಮೊದಲು ನಾಲ್ಕು ಗೋಡೆ, ಮಾಡು ಎಂದು ಯೋಚಿಸಬೇಡವೇ? ಇವರು ಬಾಲ್ಕನಿಯ ಕೆಳಗೆ ಸಿಂಹ, ರೆಕ್ಕೆಯ ಕುದುರೆ, ಹಲ್ಲು ಕಿರಿಯುವ ಮುದುಕರನ್ನು ಕೆತ್ತಿಸಿಕೊಂಡು ಕೂತಿದ್ದಾರೆ. ಒಂದು ಗೋಡೆಯೂ ಸುಮ್ಮನೆ ನೆಟ್ಟಗಿಲ್ಲ. ಎಲ್ಲವೂ ಸೊಂಟ ಬಳುಕಿಸಿ ನಿಂತಿವೆ. ಬರೋಕ್ ಶೈಲಿ ಎಂದರೆ ಇದೇ ಎಂದು ಮೇಘಾ ವಿವರಿಸಿದಳು. ನಮ್ಮ ಬಡಾವಣೆಯ ಮನೆಯೊಂದಕ್ಕೆ ಹೀಗೆ ಮುದುಕನ ಮುಖ ಕೆತ್ತಿಸಿದರೆ ಮರುದಿನವೇ ಬಡಾವಣೆ ಸಂಘದ ಪತ್ರ ಬರುತ್ತದೆ. ಬಾಗಿಲಿಗೆ ತೋರಣ ಎಷ್ಟು ದಿನ ಇರಬಹುದೆಂದು ಲೆಕ್ಕ ಇಡುವ ಸಂಘ ಅದು.

ಕೈ ಅಭ್ಯಾಸ ಬಿಡಲಿಲ್ಲ. ದೊಡ್ಡ ಚರ್ಚಿನ ಮುಂದೆ ನಿಂತಾಗ ನಾನು ಕಂಬವೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟೆ. ಹಿಂದಿನಿಂದ ಯಾರೋ ಇಟಾಲಿಯನ್ನಿನಲ್ಲಿ ಏನೋ ಅಂದರು. ಮೇಘಾ ನಕ್ಕು, ಒಳಗೆ ಯಾರೂ ಇಲ್ಲ, ಬಾಗಿಲು ಆ ಕಡೆ ಇದೆ ಅನ್ನುತ್ತಿದ್ದಾರೆ, ಎಂದಳು. ಎಪ್ಪತ್ತು ದಾಟಿದ ಗಿಡ್ಡ ಮನುಷ್ಯ, ಹುಬ್ಬಿನ ಮೇಲೆಲ್ಲ ಕಲ್ಲಿನ ಪುಡಿ. ಇವಳಿಗೆ ಉಳಿ ಹಿಡಿಯುವುದನ್ನು ಕಲಿಸುವ ಕಲ್ಲುಕುಟಿಗ ಕಾರ್ಮೆಲೊ. ನನ್ನ ಕಾಕಾ ಕೂಡ ಕಟ್ಟಡ ಪರೀಕ್ಷೆ ಮಾಡುವವರು ಎಂದು ಮೇಘಾ ಹೇಳಿದ್ದೇ ತಡ, ಅವರು ನಮ್ಮನ್ನು ಕಾಫಿಗೆ ಕರೆದೊಯ್ದರು. ಊರೆಲ್ಲ ಮಲಗಿದ್ದರೂ ಕಾರ್ಮೆಲೊಗೆ ಕಾಫಿ ಕೊಡುವ ಹಿಂಬಾಗಿಲೊಂದು ತೆರೆದಿತ್ತು.

ಅವರು ಹೇಳಿದ್ದನ್ನು ಮೇಘಾ ನಮಗೆ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು. ತೊಂಬತ್ತರ ದಶಕದಲ್ಲಿ ಒಂದು ದಿನ ಆ ಚರ್ಚಿನ ಗುಮ್ಮಟ, ಅರ್ಧ ಛಾವಣಿ ಸಮೇತ ಕುಸಿದುಬಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆಮೇಲೆ ಕಂಬಗಳನ್ನು ಬಿಚ್ಚಿ ನೋಡಿದರೆ ಹೊರಗೆ ಮಾತ್ರ ಅಚ್ಚುಕಟ್ಟಾಗಿ ಕಡಿದ ಕಲ್ಲು, ಒಳಗೆ ಕೈಗೆ ಸಿಕ್ಕಿದ ಉಂಡೆಗಲ್ಲು, ಗಾರೆ ಚೂರು. ಮತ್ತೆ ಕಟ್ಟಿದಾಗ ಕಾರ್ಮೆಲೊ ಅಲ್ಲಿ ಕೆಲಸ ಮಾಡಿದ್ದರು. ಕಟ್ಟಿದ ಮೇಸ್ತ್ರಿಗೆ ಒಳಗೇನಿದೆ ಎಂದು ಗೊತ್ತಿತ್ತು, ಹೇಳಲಿಲ್ಲ. ಹೇಳದೆ ಹೋದದ್ದು ಇನ್ನೂರು ವರ್ಷ ದಾಟಿದ ಮೇಲೆ ಬಿತ್ತು, ಎಂದರು.

ಕುಸುಮಕ್ಕ ನನ್ನ ಕಡೆ ತಿರುಗಿ, 'ನಿಮ್ಮಂಥವರು ಆವಾಗ ಇದ್ದಿದ್ರ ಮೊದಲೇ ಹೇಳ್ತಿದ್ರಿ, ಅಲ್ರಿ?' ಎಂದರು. ಚೇಷ್ಟೆಯಿಲ್ಲ, ಕೊಂಕಿಲ್ಲ. ತಂಗಿಯ ಗಂಡನ ಬಗ್ಗೆ ಪರಸ್ಥಳದಲ್ಲಿ ಸ್ವಲ್ಪ ಹೆಮ್ಮೆಪಟ್ಟುಕೊಂಡರು ಅಷ್ಟೇ. ಸುನಂದಾ ಬಹಳ ಶ್ರದ್ಧೆಯಿಂದ ಚಮಚ ಒರೆಸತೊಡಗಿದಳು. ಇಲ್ಲಿನ ಕಾಫಿ ಎರಡೇ ಗುಟುಕು. ಮುಖ ಮರೆಸಿಕೊಳ್ಳಲು ಅದು ಸಾಲುವುದಿಲ್ಲ.

ಮೋದಿಕಾ

ಮೂರನೆಯ ದಿನ ಮೋದಿಕಾ. ಕಣಿವೆಯ ಎರಡೂ ದಂಡೆಗೆ ಮನೆಗಳನ್ನು ಮೊಳೆ ಹೊಡೆದು ನೇತುಹಾಕಿದಂತಿರುವ ಊರು. ಇದೂ ಭೂಕಂಪದ ಮೇಲೆ ಎದ್ದದ್ದು. ಚರ್ಚನ್ನು ಬೆಟ್ಟದ ನೆತ್ತಿಯ ಹತ್ತಿರ ಇಟ್ಟು, ಅದರ ಮುಂದೆ ಮೆಟ್ಟಿಲುಗಳನ್ನು ಸುರಿದುಬಿಟ್ಟಿದ್ದಾರೆ. ಪಾಪ ಮಾಡಿದವನು ಚರ್ಚು ತಲುಪುವಷ್ಟರಲ್ಲಿ ಶಿಕ್ಷೆ ಮುಗಿದಿರುತ್ತದೆ.

ಈ ಊರಿನ ಹೆಸರುವಾಸಿ ವಸ್ತು ಚಾಕೊಲೆಟ್. ಬಿಸಿ ಮಾಡದೆ ಅರೆಯುವುದರಿಂದ ಸಕ್ಕರೆ ಕರಗದೆ ಹಲ್ಲಿಗೆ ಕರಕರ ಅನ್ನುತ್ತದೆ. ನಮ್ಮ ಮನೆಯಲ್ಲಿ ಉಂಡಿ ಹೀಗಾದರೆ ಪಾಕ ಕೆಟ್ಟಿದೆ ಎನ್ನುತ್ತೇವೆ. ಇಲ್ಲಿ ಅದಕ್ಕೆ ನಾಲ್ಕು ನೂರು ವರ್ಷದ ಪರಂಪರೆ ಎನ್ನುತ್ತಾರೆ. ಕ್ಯಾರಲ್ಟನ್ ಗೆಳತಿಯರಿಗೆ ಹಂಚಲು ಅದನ್ನೇ ತರುತ್ತೇನೆಂದು ಸುನಂದಾ ಮೇಘಾಳನ್ನು ಕರೆದುಕೊಂಡು ಕೆಳಗಿನ ಬೀದಿಗೆ ಇಳಿದಳು. ಕುಸುಮಕ್ಕನಿಗೆ ಮೊಣಕಾಲು ನೋವು. ನಾವಿಬ್ಬರೂ ಮೆಟ್ಟಿಲ ಸಾಲಿನ ನಡುವೆ, ಹೂಕುಂಡದ ಪಕ್ಕದ ನೆರಳಿನಲ್ಲಿ ಕೂತೆವು.

ಅಕ್ಕ ಕೆಳಗಿನ ಮನೆಗಳನ್ನು ನೋಡುತ್ತ ಪೇರ್ಲ್ಯಾಂಡಿನ ಸುದ್ದಿ ತೆಗೆದರು. ಭಾನುವಾರ ಮೀನಾಕ್ಷಿ ಗುಡಿಯ ಅಡುಗೆಮನೆಯಲ್ಲಿ ತಾವು ಪುಳಿಯೋಗರೆ ಕಲಸುತ್ತಿದ್ದುದು, ಲ್ಯಾಬಿನ ಹುಡುಗಿಯರು ಮಧ್ಯಾಹ್ನ ತಮ್ಮ ಡಬ್ಬಿಯ ಚಟ್ನಿಪುಡಿಗೆ ಕಾಯುತ್ತಿದ್ದುದು, ಮನೆ ಕೊಂಡ ದಿನ ಒಂದೂ ಕುರ್ಚಿ ಇಲ್ಲದ ಹಾಲಿನಲ್ಲಿ ಚಾಪೆ ಹಾಸಿಕೊಂಡು ಒಬ್ಬರೇ ಅಂಗಾತ ಮಲಗಿ ಫ್ಯಾನ್ ನೋಡಿದ್ದು. ದುಃಖದಿಂದ ಹೇಳಲಿಲ್ಲ. ತೀರಿಹೋದವರ ಬಗ್ಗೆ ವರ್ಷ ಕಳೆದ ಮೇಲೆ ಮಾತಾಡುವ ಹಾಗೆ ಸಮಾಧಾನವಾಗಿ ಹೇಳಿದರು. ಆಗ ಫೋನು ಸದ್ದು ಮಾಡಿತು. ಏಜೆಂಟಿನ ಕಾಗದ. ಅಕ್ಕ ಚೀಲದಲ್ಲಿ ಹುಡುಕಿದರು. ಕನ್ನಡಕ ನೋತೊದ ರೂಮಿನಲ್ಲಿ ಉಳಿದಿತ್ತು. ಫೋನನ್ನು ನನ್ನ ಕಡೆ ಚಾಚಿದರು.

'ಎಲ್ಲಿ ಒತ್ತಬೇಕು, ಸ್ವಲ್ಪ ತೋರಸ್ರಿ ಗುರುರಾಜ. ಒಮ್ಮೆ ಮುಗದು ಹೋಗ್ಲಿ.'

ಪರದೆಯ ಮೇಲೆ ಹಳದಿ ಚೌಕವೊಂದಿತ್ತು. ಅಲ್ಲಿ ಬೆರಳಿಡಬೇಕು. ಅವರ ತೋರುಬೆರಳು ಗಾಳಿಯಲ್ಲಿ ನನಗಾಗಿ ಕಾಯುತ್ತಿತ್ತು. ಇಪ್ಪತ್ತೆರಡು ವರ್ಷದಿಂದ ನಾನು ಕಂಡವರ ಮನೆಗಳ ಬಗ್ಗೆ ಒಂದು ಅಕ್ಷರ ಹೆಚ್ಚುಕಡಿಮೆ ಬರೆದವನಲ್ಲ. ಅದರ ಬಗ್ಗೆ ನನಗೆ ಸಾಕಷ್ಟು ಜಂಬವೂ ಇದೆ. ಡಾಲಸ್ಸಿನ ಯಾವ ಔತಣದಲ್ಲಾದರೂ ಎರಡನೆಯ ಪ್ಲೇಟಿನ ಹೊತ್ತಿಗೆ ಅದನ್ನು ಹೇಳಿಕೊಳ್ಳುತ್ತೇನೆ. ನಾನು ಪರದೆಯ ಮೇಲೆ ಅಂಗೈ ಮುಚ್ಚಿದೆ.

'ಒತ್ತಬ್ಯಾಡ್ರಿ, ಅಕ್ಕಾರ' ಎಂದೆ. 'ಬುನಾದಿ ಗಟ್ಟಿ ಅದ. ಅದಕ್ಕೇನೂ ಆಗಿಲ್ಲ. ನಾ ಸುಳ್ಳ ಹೇಳಿದ್ದೆ.'

ಅವರು ಬೆರಳನ್ನು ಮಡಚಿಕೊಂಡರು.  ಆಮೇಲೆ ಒಂದೇ ಪ್ರಶ್ನೆ ಕೇಳಿದರು.

'ಸುನಂದಾಗ ಗೊತ್ತದೇನು?'

ಇಲ್ಲ ಎನ್ನಬಹುದಿತ್ತು. ತಪ್ಪನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡು ದೊಡ್ಡವನಾಗುವ ಅವಕಾಶ ಅದು. ನಾನು, 'ಗೊತ್ತದ, ಆಕಿನೇ ಹೇಳಂದ್ಲು' ಎಂದೆ. ಸತ್ಯ ಶುರುವಾದ ಮೇಲೆ ನಿಲ್ಲಿಸಲಾಗಲಿಲ್ಲ ಎಂದು ಆಮೇಲೆ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಭಾರ ಹಂಚಿಕೊಳ್ಳಲು ಒಬ್ಬರು ಬೇಕಿತ್ತು ಎಂಬುದು ನಿಜವಾದ ಕಾರಣ.

ಅಕ್ಕ ಫೋನನ್ನು ಚೀಲಕ್ಕೆ ಹಾಕಿ ಜಿಪ್ ಎಳೆದು, ಎದ್ದು, ಮೆಟ್ಟಿಲು ಇಳಿದರು. ಮೊಣಕಾಲು ನೋವಿನವರು ಅಷ್ಟು ಬೇಗ ಇಳಿದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ನಾನು ಹಿಂದೆಯೇ ಓಡಿದೆ; ಕೆಳಗಿನ ಬೀದಿ ಸೇರುವಷ್ಟರಲ್ಲಿ ಪ್ರವಾಸಿಗಳ ಗುಂಪೊಂದು ಅಡ್ಡ ಬಂತು, ಅಕ್ಕ ಕಾಣಲಿಲ್ಲ.

ಸುನಂದಾ ಎರಡು ಚೀಲ ಚಾಕೊಲೆಟ್ ಹಿಡಿದು ಬಂದಾಗ ನಾನು ನಡೆದದ್ದನ್ನು ಹೇಳಿದೆ. ಅವಳು ಚೀಲ ಕೆಳಗಿಟ್ಟು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಮೇಘಾಳಿಗೆ ಈ ವಿಷಯವೇ ಗೊತ್ತಿರಲಿಲ್ಲ. ಅವಳು ಒಮ್ಮೆ ಮೌಶಿಯನ್ನು, ಒಮ್ಮೆ ನನ್ನನ್ನು ನೋಡಿದಳು.

'ಕಾಕಾ, ಹಿಂಗ ಮಾಡಬಾರದಿತ್ರಿ ನೀವು' ಎಂದಳು.

ಅವಳ ಬಾಯಿಂದ ಪೂರ್ತಿ ಒಂದು ಕನ್ನಡ ವಾಕ್ಯ ಕೇಳಬೇಕೆಂದು ನಾವು ಹದಿನೈದು ವರ್ಷ ಕಾದಿದ್ದೆವು.

ರಗೂಸಾ

ಅರ್ಧ ತಾಸಿಗೆ ಮೇಘಾಳ ಫೋನಿಗೆ ಅಕ್ಕನ ಮೆಸೇಜ್ ಬಂತು. ಬಸ್ ಹತ್ತಿ ರಗೂಸಾಕ್ಕೆ ಹೊರಟಿದ್ದೇನೆ, ಸಂಜೆ ತನಕ ಯಾರೂ ಹುಡುಕಿಕೊಂಡು ಬರಬೇಡಿ, ಎಂದಿತ್ತು. ನಾವು ತಕ್ಷಣ ಹುಡುಕಿಕೊಂಡು ಹೊರಟೆವು. ಪರಭಾಷೆಯ ದೇಶದಲ್ಲಿ ಅಕ್ಕ ಕಂಗಾಲಾಗಿರುತ್ತಾಳೆ ಎಂದು ಸುನಂದಾ ದಾರಿಯುದ್ದಕ್ಕೂ ಅತ್ತಳು. ಹೂಸ್ಟನ್ನಿನ ಹೆದ್ದಾರಿಯಲ್ಲಿ ಇಪ್ಪತ್ತೈದು ವರ್ಷ ಒಬ್ಬರೇ ಡ್ರೈವ್ ಮಾಡಿಕೊಂಡು ಡ್ಯೂಟಿಗೆ ಹೋದವರು ಒಂದು ಬಸ್ಸಿಗೆ ಕಂಗಾಲಾಗುತ್ತಾರೆಯೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. 

ರಗೂಸಾ ಎಂದರೆ ಎರಡು ಊರು. ಭೂಕಂಪವಾದ ಮೇಲೆ ಜನರಲ್ಲಿ ಜಗಳ ಬಿತ್ತಂತೆ. ಒಂದು ಪಂಗಡ ಮೇಲಿನ ಬಯಲಿಗೆ ಹೋಗಿ ಅಗಲ ಬೀದಿಯ ಹೊಸ ಊರು ಕಟ್ಟಿತು. ಇನ್ನೊಂದು, ಸತ್ತರೂ ಇಲ್ಲೇ ಎಂದು ಕೆಳಗಿನ ದಿಬ್ಬದಲ್ಲಿ, ಬಿದ್ದ ಕಲ್ಲುಗಳ ಮೇಲೆಯೇ ಮತ್ತೆ ಕಟ್ಟಿತು. ಆ ಕೆಳಗಿನದಕ್ಕೆ ಇಬ್ಲಾ ಎನ್ನುತ್ತಾರೆ. ನಡುವೆ ನೂರಾರು ಮೆಟ್ಟಿಲು. ಎರಡೂ ಊರು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಒಂದನ್ನೊಂದು ಕೆಕ್ಕರಿಸಿ ನೋಡುತ್ತಿದ್ದವು ಎಂದು ಮೇಘಾ ಹೇಳಿದಳು. ನೋಡಿ, ಡಾಲಸ್ ಮತ್ತು ಹೂಸ್ಟನ್ ಇದಕ್ಕಿಂತ ಚಿಲ್ಲರೆ ಕಾರಣಕ್ಕೆ ಜಗಳವಾಡುತ್ತವೆ.

ಪ್ರವಾಸಿಗರು ಹೋಗುವುದು ಇಬ್ಲಾಕ್ಕೇ ಎಂದು ಮೊದಲು ಅಲ್ಲಿಗೆ ತಿರುಗಿದೆವು. ಫೋನಿನ ನಕ್ಷೆ ಬಲಕ್ಕೆ ಹೋಗು ಎಂದಿತು. ಹೋದೆ. ಇಬ್ಲಾದ ಬೀದಿ ಮೊದಲು ಕಾರಿನಷ್ಟಿತ್ತು, ಆಮೇಲೆ ಕತ್ತೆಯಷ್ಟಾಯಿತು. ಎರಡೂ ಕಡೆಯ ಕನ್ನಡಿ ಗೋಡೆಗೆ ತಾಗಿದಾಗ ನಿಲ್ಲಿಸಿದೆ. ಬಾಗಿಲು ತೆರೆಯುವಂತಿಲ್ಲ, ಮುಂದೆ ಮೆಟ್ಟಿಲು, ಹಿಂದೆ ತಿರುವು. ಮೂರು ಶತಮಾನ ನಿಂತ ಗೋಡೆಗೆ ನಾನು ಬಿರುಕು ತರುವ ಹಂತದಲ್ಲಿದ್ದೆ. ಮಲಗಿದ್ದ ಊರು ಎದ್ದಿತು. ಬನಿಯನ್ನಿನಲ್ಲಿ ಒಬ್ಬರು ಬಾಲ್ಕನಿಗೆ ಬಂದು ಎಡಕ್ಕೆ ಎಂದರು, ಎದುರುಮನೆಯ ಅಜ್ಜಿ ಕಿಟಕಿಯಿಂದ ಬಲಕ್ಕೆ ಎಂದರು. ಆಮೇಲೆ ಅವರಿಬ್ಬರೂ ನನ್ನನ್ನು ಮರೆತು ತಮ್ಮ ಹಳೆಯ ವ್ಯಾಜ್ಯವೇನೋ ತೆಗೆದರು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ತಿರುವಿನಲ್ಲಿ ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು ಕೂತು ತಮಾಷೆ ನೋಡುತ್ತಿದ್ದರು. ಅವರಲ್ಲೊಬ್ಬರು ಸಲ್ವಾರ್ ಕಮೀಜ್ ತೊಟ್ಟಿದ್ದರು. ಕೈಯಲ್ಲಿ ಬಾದಾಮಿ ಐಸಿನ ಗ್ಲಾಸಿತ್ತು.

ಸುನಂದಾ 'ಅಕ್ಕಾ' ಎಂದಳು. ಅಕ್ಕ ಗ್ಲಾಸನ್ನು ಪಕ್ಕದವಳ ಕೈಗೆ ಕೊಟ್ಟು ಎದ್ದುಬಂದು ಕಾರಿನ ಹಿಂದೆ ನಿಂತರು.  ಕೈ ಎತ್ತಿದರು, ನಾನು ಕನ್ನಡಿಯಲ್ಲಿ ಅದನ್ನೇ ನೋಡುತ್ತ ಕಾರನ್ನು ಹಿಂದಕ್ಕೆ ಬಿಟ್ಟೆ. ಆ ಕೈ ಎಡಕ್ಕೆ ಬಾಗಿದರೆ ನಾನು ಎಡಕ್ಕೆ ತಿರುಗಿಸಿದೆ, ಬಲಕ್ಕೆ ಬಾಗಿದರೆ ಬಲಕ್ಕೆ, ಅಂಗೈ ತೋರಿಸಿದರೆ ನಿಂತೆ. ನನಗೆ ಗೋಡೆ ಕಾಣುತ್ತಿರಲಿಲ್ಲ. ಅವರು ಮನಸ್ಸು ಮಾಡಿದ್ದರೆ ನನ್ನನ್ನು ನೇರವಾಗಿ ಕಲ್ಲಿಗೆ ನುಗ್ಗಿಸಬಹುದಿತ್ತು. ಅಷ್ಟು ಹಕ್ಕು ಅವರಿಗಿತ್ತು. ಕಾಲು ತಾಸು ಹಿಡಿಯಿತು. ಒಂದು ಗೀರೂ ಬೀಳದೆ ಕಾರು ಹೊರಬಂತು. ಕಟ್ಟೆಯ ಹೆಂಗಸರು ಅಕ್ಕನಿಗೆ ಚಪ್ಪಾಳೆ ತಟ್ಟಿದರು.

ದಿಬ್ಬದ ತುದಿಯ ಪಾರ್ಕಿನಲ್ಲಿ ಕೂತೆವು. ಸುನಂದಾ ಅಕ್ಕನ ಕೈ ಹಿಡಿದುಕೊಂಡು, ನೀನು ಕಣ್ಣೆದುರಿಗಿರಲಿ ಎಂದು ಹೀಗೆ ಮಾಡಿದೆ, ಮತ್ತೆ ನೀರು ಬಂದರೆ ಎಂಬ ಹೆದರಿಕೆಗೆ ನಿದ್ದೆ ಬರುತ್ತಿರಲಿಲ್ಲ, ಎಂದು ಏನೇನೋ ಹೇಳಿದಳು. ಅಕ್ಕ ಕೈ ಬಿಡಿಸಿಕೊಳ್ಳಲಿಲ್ಲ. ತಂಗಿಯ ಅಳು ನಿಲ್ಲುವ ತನಕ ಕಾದರು.

'ಇರು ಅಂತ ಕೇಳಬೇಕಾಗಿತ್ತು, ಸುನಂದಾ' ಎಂದರು. 'ನೀ ಒಮ್ಮೆನೂ ಕೇಳಲಿಲ್ಲ. ಕೇಳಿದ್ರ ಇರ್ತಿದ್ದೆನೋ ಏನೋ.'

ಕಣಿವೆಯಾಚೆ ಮೇಲಿನ ಊರು ಬಿಸಿಲಿಗೆ ಹೊಳೆಯುತ್ತಿತ್ತು. ಈ ಎರಡು ಊರಿನ ಕಥೆಯನ್ನು ಕಟ್ಟೆಯ ಹೆಂಗಸರು ಫೋನಿನ ಅನುವಾದದಲ್ಲಿ ಅಕ್ಕನಿಗೂ ಹೇಳಿದ್ದರಂತೆ.

'ಮ್ಯಾಲೆ ಹೋದವರೂ ಬದುಕ್ಯಾರ, ಕೆಳಗ ಉಳದವರೂ ಬದುಕ್ಯಾರ' ಎಂದರು. 'ಬಿದ್ದದ್ದೆಷ್ಟು, ಉಳಿದದ್ದೆಷ್ಟು ಅಂತ ಅವರು ಕಣ್ಣಾರೆ ನೋಡಿ ಜಗಳಾಡ್ಯಾರ. ನನಗ ಜಗಳಾಡ್ಲಿಕ್ಕೂ ನೀವು ಬಿಡಲಿಲ್ಲ.'

ಅದನ್ನು ಹೇಳುವಾಗ ಅವರು ನೋಡಿದ್ದು ನನ್ನನ್ನು.  

ಪ್ರವಾಸದ ಉಳಿದ ಮೂರು ದಿನ ಅಕ್ಕ ಎಲ್ಲರ ಜೊತೆ ಮಾತಾಡಿದರು, ನಕ್ಕರು, ಊಟ ಮಾಡಿದರು. ನನಗೇನಾದರೂ ಹೇಳಬೇಕಾದರೆ, 'ನಿನ್ನ ಗಂಡಗ ಹೇಳು' ಎಂದು ಸುನಂದಾಳಿಗೆ ಹೇಳಿದರು. ನಾನು ಒಂದು ಮೊಳ ದೂರದಲ್ಲೇ ಕೂತಿರುತ್ತಿದ್ದೆ.

ಪೇರ್ಲ್ಯಾಂಡ್

ವಾಪಸು ಬಂದ ವಾರವೇ ಅಕ್ಕ ಎರಡು ಸೂಟ್‌ಕೇಸ್ ತೆಗೆದುಕೊಂಡು ಪೇರ್ಲ್ಯಾಂಡಿಗೆ ಹೋದರು. ಮಾರಾಟಕ್ಕೆ ಸಹಿ ಹಾಕಲಿಲ್ಲ. ನಿವೃತ್ತಿಯ ಪತ್ರವನ್ನು ಹಿಂದಕ್ಕೆ ಪಡೆಯಲು ಹೋದಾಗ ಲ್ಯಾಬಿನವರು ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಗಿತ್ತು. ವಾರಕ್ಕೆ ಮೂರು ದಿನದ ಕೆಲಸ ಮಾತ್ರ ಸಿಕ್ಕಿತು. ಅದನ್ನು ಅಕ್ಕ ನನಗೆ ಹೇಳಲಿಲ್ಲ. ಸುನಂದಾಳೂ ಎರಡು ತಿಂಗಳು ಹೇಳಲಿಲ್ಲ.

ನಾನು ಶನಿವಾರಗಳಲ್ಲಿ ಐದು ತಾಸು ಡ್ರೈವ್ ಮಾಡಿಕೊಂಡು ಹೋಗಿ ಕೊಳೆತ ಹಲಗೆ ಕಿತ್ತೆ, ಹೊಸದು ಹೊಡೆದೆ. ಅಕ್ಕ ಬೇಡವೆನ್ನಲಿಲ್ಲ. ಸ್ವಿಚ್ಚುಗಳನ್ನೆಲ್ಲ ಎದೆಯೆತ್ತರಕ್ಕೆ ಏರಿಸಿದರು, ನೆಲಕ್ಕೆ ಟೈಲ್ಸ್ ಹಾಕಿಸಿದರು. ನೀರು ಬಂದರೆ ಬಳಿದು ಹೊರಗೆ ಹಾಕುತ್ತೇನೆ ಎಂದು ಸುನಂದಾಳಿಗೆ ಫೋನಿನಲ್ಲಿ ಹೇಳಿದ್ದರಂತೆ. ಬರೋಕ್ ಏನೂ ಮಾಡಿಸಲಿಲ್ಲ. ಮುಂಬಾಗಿಲ ಮೇಲೆ ಮೇಘಾ ಕೆತ್ತಿ ತಂದ ಒಂದು ಕಲ್ಲಿನ ಹೂವು ಬಿಟ್ಟರೆ. ಅದಕ್ಕೂ ಅಲ್ಲಿನ ಬಡಾವಣೆ ಸಂಘದಿಂದ ಪತ್ರ ಬಂತು.

ಕೆಲಸ ಮುಗಿದ ಮೇಲೆ ನಾನು ಮನೆಯನ್ನು ಮೊದಲಿನಿಂದ ಕೊನೆಯವರೆಗೆ ಪರೀಕ್ಷೆ ಮಾಡಿ, ಹನ್ನೊಂದು ಪುಟದ ವರದಿ ಬರೆದು, ಸಹಿ ಮತ್ತು ಮುದ್ರೆ ಹಾಕಿ, ಅಕ್ಕನ ಊಟದ ಮೇಜಿನ ಮೇಲೆ ಇಟ್ಟೆ. ಯಾರಿಗೂ ಅಷ್ಟು ವಿವರವಾಗಿ ನಾನು ಬರೆದದ್ದಿಲ್ಲ. ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ಓದಿದರು. ಗ್ಯಾರೇಜಿನ ಮೂಲೆಯಲ್ಲಿ ಕೂದಲೆಳೆಯಂಥ ಬಿರುಕೊಂದಿದೆ, ಅದರಿಂದ ಅಪಾಯವಿಲ್ಲ ಎಂದು ಬರೆದಿದ್ದ ಸಾಲಿನ ಮೇಲೆ ಬೆರಳು ನಿಲ್ಲಿಸಿದರು. ಸಿಸಿಲಿಯ ನಂತರ ಮೊದಲ ಸಲ ನೇರವಾಗಿ ನನ್ನನ್ನು ಕೇಳಿದರು.

'ಇದು ಖರೇ ಏನ್ರಿ?'

ಖರೇ ಎಂದೆ. ಅವರು ತಲೆಯಾಡಿಸಿ ವರದಿ ಮುಚ್ಚಿದರು.

ಮುಂದಿನ ಶನಿವಾರ ನನ್ನ ಸಲಕರಣೆ ತರಲು ನಾನು ಹೋದಾಗ ಬಾಗಿಲಲ್ಲಿ ಬೇರೊಂದು ಟ್ರಕ್ ನಿಂತಿತ್ತು. ಅಕ್ಕ ಮನೆ ಪರೀಕ್ಷಿಸುವ ಹೂಸ್ಟನ್ನಿನ ಇನ್ಸ್‌ಪೆಕ್ಟರ್ ಒಬ್ಬನನ್ನು ಕರೆಸಿದ್ದರು. ಅವನು ಗ್ಯಾರೇಜಿನ ಮೂಲೆಯಲ್ಲಿ ಮೊಣಕಾಲೂರಿ ಟಾರ್ಚ್ ಬಿಟ್ಟು ನೋಡುತ್ತಿದ್ದ. ನಾನು ನ್ಯಾಯಾಲಯದ ಹೊರಗೆ ಕೂತವನಂತೆ ಹಾಲಿನ ಕುರ್ಚಿಯಲ್ಲಿ ಕೂತೆ. ಒಂದು ತಾಸಿನ ಮೇಲೆ ಅವನು ಕೈ ಒರೆಸಿಕೊಳ್ಳುತ್ತ ಬಂದು, ಬುನಾದಿ ಗಟ್ಟಿಯಾಗಿದೆ, ಗ್ಯಾರೇಜಿನಲ್ಲೊಂದು ಕೂದಲೆಳೆಯ ಬಿರುಕಿದೆ, ಅದರಿಂದ ಏನೂ ಅಪಾಯವಿಲ್ಲ ಎಂದ. ಕುಸುಮಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದರು. ಆಮೇಲೆ ಆ ಅಪರಿಚಿತನನ್ನು ಕೂರಿಸಿ ಚಹಾ ಕೊಟ್ಟರು, ಚುರುಮುರಿ ಕೊಟ್ಟರು.

'ಇವತ್ತ ನನಗ ಸಮಾಧಾನ ಆತು' ಎಂದರು, ನನ್ನ ಕೈಗೂ ಒಂದು ಕಪ್ ಚಹಾ ಕೊಡುತ್ತ.